ಮರುಮುದ್ರಣದ ಇಸವಿ ನೋಡಿ ವೆಬ್ ಪುಸ್ತಕ ಕೊಳ್ಳಬೇಡಿ

ಶಿವಮೊಗ್ಗದಲ್ಲಿ ವೆಬ್ ಪ್ರೋಗ್ರಾಮಿಂಗ್ ಕ್ಲಾಸಿಗೆ ಸೇರಬೇಕು ಅಂತಿದ್ದೀರಾ? ಫೀಸು ಕಟ್ಟುವ ಮೊದಲು ಅವರು ಕೊಡುವ ಪುಸ್ತಕವನ್ನು ಕೈಗೆ ತೆಗೆದುಕೊಂಡು ಒಮ್ಮೆ ತಿರುವಿ ಹಾಕಿ. ಹೊಸದಾಗಿ ಅಚ್ಚಾದ, ಆದರೆ ಒಳಗೆ ಹಳೆಯ ಪಾಠವೇ ಇರುವ ಪುಸ್ತಕದಿಂದ ನನ್ನ ತಂಗಿಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಲಾಸಿನ ಹೆಸರು ಬೇಡ. ಇಂಥ ಪುಸ್ತಕ ಬೇರೆ ಕಡೆಯೂ ಸಿಗುತ್ತದೆ, ಗುರುತು ಹಿಡಿಯೋದು ಗೊತ್ತಿದ್ದರೆ ಸಾಕು.

ನಮ್ಮ ಮನೆ ಹೊಸನಗರದ ಕಡೆ. ತಂಗಿ ಬಿ.ಕಾಂ ಮುಗಿಸಿ, ಶನಿವಾರ ಭಾನುವಾರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದಳು. ಉಳಿದ ದಿನ ಮನೆಯಲ್ಲೇ ಅಭ್ಯಾಸ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತದೆ. 'ಯೂಟ್ಯೂಬ್ ನೋಡಿ ಕಲಿ' ಅಂತ ಪೇಟೆಯಲ್ಲಿ ಕೂತವರು ಹೇಳಬಹುದು. ಅವಳಿಗೆ ಗತಿ ಅಂದರೆ ಪುಸ್ತಕವೇ. ಫೀಸಿನ ಮೇಲೆ ಬೇರೆ ದುಡ್ಡು ಕೊಟ್ಟು ಕೊಂಡ ದಪ್ಪ ಪುಸ್ತಕ, ಹೊಸ ಕಾಗದದ ವಾಸನೆ ಇನ್ನೂ ಹೋಗಿರಲಿಲ್ಲ. ಹಿಂದೆ ಒಂದು ಸಿ.ಡಿ. ಬೇರೆ ಅಂಟಿಸಿದ್ದರು. ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕೋದಾದರೂ ಎಲ್ಲಿಗೆ?

ವೆಬ್ ಪುಟದ ರಚನೆ ಬರೆಯುವ ಭಾಷೆ ಎಚ್‌ಟಿಎಂಎಲ್ ಇರುವ ಮೊದಲ ಅಧ್ಯಾಯಗಳಲ್ಲಿ ಪಾಠ ಹಳತು ಅಂತ ಗೊತ್ತಾಗಲಿಲ್ಲ. ಅಕ್ಷರದ ರೂಪ ಬದಲಿಸುವ, ನಡುವೆ ಇಡುವ, ಓಡಿಸುವ ಫಾಂಟ್, ಸೆಂಟರ್, ಮಾರ್ಕ್ಯೂ ಟ್ಯಾಗುಗಳನ್ನು ಬಳಸಬೇಡಿ ಅಂತ ಎಚ್‌ಟಿಎಂಎಲ್5 ಆವೃತ್ತಿ ಹೇಳಿ ಎಷ್ಟೋ ವರ್ಷವಾಯಿತು. ಆದರೂ ಬ್ರೌಸರುಗಳು ಅವನ್ನು ಇನ್ನೂ ತೋರಿಸುತ್ತವೆ. ಅಕ್ಷರ ಎಡಕ್ಕೆ ಓಡುತ್ತದೆ, ಕಲಿಯುವವರಿಗೆ ಖುಷಿ. ಇಡೀ ಪುಟವನ್ನು ಟೇಬಲ್ಲಿನಲ್ಲಿ ಜೋಡಿಸುವುದನ್ನೂ ಕಲಿಸಿದ್ದರು. ಅದನ್ನೇ ಫೋನಿನಲ್ಲಿ ತೆರೆದಾಗ ಅಕ್ಷರಗಳು ಇರುವೆ ಸಾಲಿನ ಹಾಗೆ ಕಂಡವು. ಫೋನಿನ ಅಳತೆಗೆ ಪುಟ ಹೊಂದಿಸುವ ವ್ಯೂಪೋರ್ಟ್ ಸಾಲು ಪುಸ್ತಕದಲ್ಲಿ ಎಲ್ಲೂ ಇಲ್ಲ. ಬರೆದವರ ಕಾಲಕ್ಕೆ ಅದು ಬೇಕಿರಲಿಲ್ಲ, ಅಷ್ಟೆ.

ನಿಜವಾದ ಗೋಳು ಶುರುವಾದದ್ದು ಸರ್ವರಿನಲ್ಲಿ ಓಡುವ ಭಾಷೆ ಪಿಎಚ್‌ಪಿಯ ಅಧ್ಯಾಯದಲ್ಲಿ. ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಪುಟವನ್ನು ಜೋಡಿಸುವ ಪ್ರೋಗ್ರಾಮು ಹತ್ತೇ ಸಾಲು. ಪುಸ್ತಕದಲ್ಲಿ ಇದ್ದ ಹಾಗೇ ಟೈಪ್ ಮಾಡಿದಳು. 'ಮೈಎಸ್‌ಕ್ಯೂಎಲ್ ಕನೆಕ್ಟ್ ಅನ್ನುವ ಫಂಕ್ಷನ್ನೇ (ಸಿದ್ಧ ಆಜ್ಞೆಯೇ) ಇಲ್ಲ' ಅನ್ನುವ ಅರ್ಥದ ಎರರ್ ಬಂತು. ಅಕ್ಷರ ಅಕ್ಷರ ಹೋಲಿಸಿದಳು, ಅಳಿಸಿ ಮತ್ತೆ ಬರೆದಳು. ಅದೇ ಎರರ್. ಶನಿವಾರ ಕ್ಲಾಸಿನ ಕಂಪ್ಯೂಟರಿನಲ್ಲಿ ಅದೇ ಹತ್ತು ಸಾಲು ಹಾಕಿದರೆ ಸಲೀಸಾಗಿ ಓಡಿತು! "ನಿಮ್ಮ ಲ್ಯಾಪ್‌ಟಾಪೇ ಸರಿ ಇಲ್ಲಮ್ಮ, ಫಾರ್ಮ್ಯಾಟ್ ಮಾಡಿಸಿ" ಅಂದರಂತೆ ಅಲ್ಲಿನ ಸರ್. "ಅಣ್ಣ, ನನಗೆ ಇದು ತಲೆಗೆ ಹತ್ತಲ್ಲ, ಬಿಟ್ಟುಬಿಡ್ತೀನಿ" ಅಂತ ಅವಳು ಫೋನು ಮಾಡಿದ್ದು ಆಗಲೇ.

ಲ್ಯಾಪ್‌ಟಾಪಿಗೂ ಏನೂ ಆಗಿರಲಿಲ್ಲ, ಅವಳ ತಲೆಗೂ ಏನೂ ಆಗಿರಲಿಲ್ಲ. ಆ ಹಳೆಯ ಫಂಕ್ಷನ್ನುಗಳು ಇನ್ನು ಮುಂದೆ ಬೇಡ ಅಂತ 2013ರಲ್ಲಿ ಬಂದ ಪಿಎಚ್‌ಪಿ 5.5ರಲ್ಲೇ ಎಚ್ಚರಿಸಿದ್ದರು. 2015ರ ಡಿಸೆಂಬರಿನಲ್ಲಿ ಪಿಎಚ್‌ಪಿ 7 ಬಂದಾಗ ಪೂರ್ತಿ ತೆಗೆದುಹಾಕಿದರು. ಮನೆಯಲ್ಲಿ ಅವಳು ಹಾಕಿಕೊಂಡಿದ್ದ ಎಕ್ಸ್‌ಎಎಂಪಿಪಿ (ಪಿಎಚ್‌ಪಿ, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ತಂತ್ರಾಂಶ) ಹೊಸತು, ಅದರಲ್ಲಿ ಪಿಎಚ್‌ಪಿ 8. ಕ್ಲಾಸಿನವರ ಕಂಪ್ಯೂಟರಿನಲ್ಲಿ ಇನ್ನೂ 5 ಕೂತಿತ್ತು. 5ರ ಕೊನೆಯ ಆವೃತ್ತಿ 5.6ಕ್ಕೆ ಸುರಕ್ಷತೆಯ ರಿಪೇರಿ ಸಹ 2018ರ ಕೊನೆಗೇ ನಿಂತಿದೆ. ಪುಸ್ತಕಕ್ಕೆ ತಕ್ಕ ಹಾಗೆ ಲ್ಯಾಬನ್ನೇ ಹಳತಾಗಿ ಇಟ್ಟುಕೊಂಡಿದ್ದರು. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದ ವಿಷಯ.

ಊರಿಗೆ ಹೋದಾಗ ಪುಸ್ತಕ ತೆಗೆದು ನೋಡಿದೆ. ಮುಂದಿನ ಸಣ್ಣ ಅಕ್ಷರದ ಪುಟದಲ್ಲಿ ಮೊದಲ ಮುದ್ರಣ 2006, ಆಮೇಲೆ ಮರುಮುದ್ರಣಗಳ ಸಾಲು, ಕೊನೆಗೆ 2022. ಮರುಮುದ್ರಣ ಅಂದರೆ ಅದೇ ಪುಟಗಳನ್ನು ಮತ್ತೆ ಅಚ್ಚು ಹಾಕುವುದು, ಅಷ್ಟೆ. ಪರಿಷ್ಕೃತ ಆವೃತ್ತಿ ಅಂತ ಇದ್ದರೆ ಮಾತ್ರ ಒಳಗೆ ಏನಾದರೂ ಬದಲಾಗಿರುತ್ತದೆ. ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ, ಪಿಎಚ್‌ಪಿ ಅಧ್ಯಾಯಕ್ಕೇ ಹೋಗಿ. ಡೇಟಾಬೇಸಿಗೆ ಜೋಡಿಸಲು ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ ಅನ್ನುವ ಈಗಿನ ವಿಧಾನ ಬಳಸಿದ್ದರೆ ಸರಿ. ಬ್ರೌಸರಿನಲ್ಲಿ ಓಡುವ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಮಾಹಿತಿಗೆ ಹೆಸರಿಡುವ ಹೊಸ ಪದಗಳಾದ ಲೆಟ್, ಕಾನ್ಸ್ಟ್ ಇಲ್ಲದೆ ಬರೀ ಹಳೆಯ ವಾರ್ ಇದ್ದರೆ ಅದು 2015ಕ್ಕಿಂತ ಹಿಂದಿನ ಪಾಠ. ಈಗಿನ ಬ್ರೌಸರುಗಳಲ್ಲಿ ಓಡದ ವಿಬಿಸ್ಕ್ರಿಪ್ಟೋ ಫ್ಲ್ಯಾಶೋ ಕಂಡರೆ ಸುಮ್ನೆ ಮುಚ್ಚಿಡಿ. ಫ್ಲ್ಯಾಶ್ ಅನ್ನು ಅಡೋಬಿಯವರೇ 2020ರ ಡಿಸೆಂಬರ್ 31ಕ್ಕೆ ಮುಗಿಸಿದ್ದಾರೆ.

ಎರರ್ ಬರುವ ಕೋಡ್ ಆದರೂ ವಾಸಿ, ತಪ್ಪಿದೆ ಅಂತ ಗೊತ್ತಾಗುತ್ತದೆ. ಹಳೆಯ ಫಂಕ್ಷನ್ನುಗಳನ್ನು ಬದಲಿಸಿ ಓಡಿಸಿದ ಅದೇ ಪುಸ್ತಕದ ಲಾಗಿನ್ ಪ್ರೋಗ್ರಾಮು ಹಾಗಲ್ಲ. ಬಳಕೆದಾರರು ಟೈಪ್ ಮಾಡಿದ್ದನ್ನು ಅದು ನೇರವಾಗಿ ಎಸ್‌ಕ್ಯೂಎಲ್ ಸಾಲಿಗೆ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶಕ್ಕೆ, ಅಂಟಿಸುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಒಂದು ಕೊಟೇಶನ್ ಗುರುತು ಹಾಕಿ, 'ಅಥವಾ ಒಂದಕ್ಕೆ ಒಂದು ಸಮ' ಅನ್ನುವ ಅರ್ಥದ ತುಣುಕು ಸೇರಿಸಿದೆ. ಒಂದು ಯಾವಾಗಲೂ ಒಂದಕ್ಕೆ ಸಮವೇ, ಹಾಗಾಗಿ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಒಳಗೆ ಹೋದೆ. ತಂಗಿ ಬಾಯಿ ಬಿಟ್ಟು ನೋಡುತ್ತಿದ್ದಳು. ಇಂಥದ್ದನ್ನು ಕಲಿತವರು ನಾಳೆ ಯಾರದೋ ಅಂಗಡಿಗೋ ಸೊಸೈಟಿಗೋ ಸೈಟ್ ಮಾಡಿಕೊಟ್ಟರೆ ಏನು ಕಥೆ? ಟೈಪ್ ಮಾಡಿದ್ದನ್ನು ಆದೇಶಕ್ಕೆ ಬೆರೆಸದೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಪಾಸ್‌ವರ್ಡನ್ನು ಓದಲಾಗದ ಹಾಗೆ ಬದಲಿಸಿ ಇಡುವ ಪಾಸ್‌ವರ್ಡ್ ಹ್ಯಾಶ್ ಇವೆರಡರ ಬಗ್ಗೆ ಒಂದು ಮಾತೂ ಇಲ್ಲದ ಪುಸ್ತಕವನ್ನು ಯಾರು ಹೊಗಳಿದರೂ ಕೊಳ್ಳಬೇಡಿ.

ನೆಟ್ ಇಲ್ಲದ ಊರಿನವರಿಗೆ ಬೇರೆ ದಾರಿ ಇದೆ. ಪಿಎಚ್‌ಪಿಯ ಅಧಿಕೃತ ಕೈಪಿಡಿಯನ್ನು ಪುಕ್ಕಟೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಡೆವ್‌ಡಾಕ್ಸ್ ಅನ್ನುವ ತಾಣದಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್ (ಪುಟದ ಅಂದ ಹೊಂದಿಸುವ ಭಾಷೆ), ಜಾವಾಸ್ಕ್ರಿಪ್ಟ್ ಮಾಹಿತಿಯನ್ನು ಬ್ರೌಸರಿನಲ್ಲೇ ಉಳಿಸಿಕೊಂಡು ನೆಟ್ ಇಲ್ಲದಾಗಲೂ ಓದಬಹುದು. ಎರಡೂ ಇಂಗ್ಲಿಷಿನಲ್ಲಿವೆ, ಪಾಠದ ಹಾಗೆ ಹಂತ ಹಂತವಾಗಿಯೂ ಇಲ್ಲ. ಹಾಗಾಗಿ ಪುಸ್ತಕ ಬೇಡ ಅಂತ ನಾನು ಹೇಳುವುದಿಲ್ಲ. ತಂಗಿ ಈಗ ಬೇರೆ ಪುಸ್ತಕ ಇಟ್ಟುಕೊಂಡು, ಇವನ್ನು ಪಕ್ಕದಲ್ಲಿ ತೆರೆದು ಕಲಿಯುತ್ತಿದ್ದಾಳೆ.

ಕ್ಲಾಸಿನವರು ಪುಸ್ತಕದ ದುಡ್ಡು ವಾಪಸ್ ಕೊಡಲಿಲ್ಲ. "ಬೇಸಿಕ್ಸ್ ಯಾವತ್ತೂ ಬದಲಾಗಲ್ಲ" ಅಂದರು. ಹೊಸ ಬ್ಯಾಚಿಗೂ ಅದನ್ನೇ ಹಂಚುತ್ತಿದ್ದಾರಂತೆ. ನೀವು ವಿಚಾರಿಸಲು ಹೋದಾಗ ಲ್ಯಾಬಿನಲ್ಲಿ ಯಾವ ಪಿಎಚ್‌ಪಿ ಇದೆ ಅಂತಲೂ ಕೇಳಿ. 5 ಅಂದರೆ ಫೀಸು ಕಟ್ಟಬೇಡಿ.