ಧಾರವಾಡದ ವಾರಾಂತ್ಯದ ಛಂದಸ್ಸಿನ ತರಗತಿ: ಭಾಮಿನಿಗೆ ಪೂರ್ಣ ನ್ಯಾಯ, ತ್ರಿಪದಿಗೆ ಅರ್ಧ

ಧಾರವಾಡದಲ್ಲಿ ವಾರಾಂತ್ಯಕ್ಕೆ ನಡೆಯುವ ಖಾಸಗಿ ಛಂದಸ್ಸಿನ ತರಗತಿಯೊಂದನ್ನು ಈಚೆಗೆ ಮುಗಿಸಿದ್ದೇನೆ. ಸೇರಬೇಕೆಂದಿರುವ ಕನ್ನಡ ಶಿಕ್ಷಕರಿಗೂ ಕಾವ್ಯಾಸಕ್ತರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ತರಗತಿಯ ನಿಜವಾದ ಬಲವಿರುವುದು ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಪಾಠದಲ್ಲಿ. ಈ ಛಂದಸ್ಸಿನಲ್ಲಿ ಕುಮಾರವ್ಯಾಸ ಬರೆದ ಗದುಗಿನ ಭಾರತದ ಮೊದಲ ಪದ್ಯವನ್ನು ಪಾಠ ಹೇಳುವ ಗುರುಗಳು ಗಮಕದ (ಕಾವ್ಯವನ್ನು ರಾಗವಾಗಿ ಓದುವ) ಧಾಟಿಯಲ್ಲಿ ಓದಿಸಿ, ಮೂರು ಮತ್ತು ನಾಲ್ಕು ಮಾತ್ರೆಗಳ (ಉಚ್ಚಾರದ ಕಾಲದ ಅಳತೆಗಳ) ನಡೆ ಕಿವಿಗೆ ಕೂತ ಮೇಲೆಯೇ ಪ್ರಸ್ತಾರ ಹಾಕಿಸುತ್ತಾರೆ, ಅಂದರೆ ಒಂದು ಮಾತ್ರೆಯ ಅಕ್ಷರಕ್ಕೆ ಲಘು, ಎರಡು ಮಾತ್ರೆಯದಕ್ಕೆ ಗುರು ಎಂದು ಗುರುತು ಹಾಕಿಸುತ್ತಾರೆ. 1, 2, 4 ಮತ್ತು 5ನೆಯ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಲ್ಲಿ 21 ಮಾತ್ರೆಯ ಮೇಲೊಂದು ಗುರು ಎಂಬ ಲೆಕ್ಕ ಯಾವ ವ್ಯಾಕರಣ ಪುಸ್ತಕದಲ್ಲಾದರೂ ಸಿಗುತ್ತದೆ. ಆ ಲೆಕ್ಕದೊಳಗೆ ಕುಮಾರವ್ಯಾಸ ಹೇಗೆ ಓಡಾಡಿದ್ದಾನೆ ಎಂಬುದನ್ನು ಇಲ್ಲಿ ತೋರಿಸಿಕೊಡುತ್ತಾರೆ. ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಮೊದಲ ಸಾಲು ನಿಂತು, ‘ರಾಜೀವ’ದ ಉಳಿದ ಭಾಗ ಎರಡನೆಯ ಸಾಲಿಗೆ ಇಳಿಯುತ್ತದೆ, ಇದರಿಂದ ಮಾತ್ರೆಯ ಲೆಕ್ಕವೂ ಸರಿಹೋಗುತ್ತದೆ, ಶ್ರೀವ, ಜೀವ, ಪಾವ ಎಂದು ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ವಕಾರ ಬರುವ ಆದಿಪ್ರಾಸವೂ ಉಳಿಯುತ್ತದೆ. ಪದ್ಯದ ಕೊನೆಯಲ್ಲಿ ಬರುವ ಅಂಕಿತದಲ್ಲಿ ‘ನಾರಾಯಣ’ ಎಂಬುದು ‘ನಾರಯಣ’ ಆಗಿರುವುದೂ ಗಣದ, ಅಂದರೆ ಮಾತ್ರೆಗಳ ಗುಂಪಿನ, ಅಗತ್ಯಕ್ಕಾಗಿಯೇ. ನಾಲ್ಕನೆಯ ಸಾಲಿನ ‘ಮಥನ ಶ್ರವಣ’ ಎಂಬಲ್ಲಿ ಒತ್ತಕ್ಷರದ ಹಿಂದಿನ ‘ನ’ ಗುರುವಾಗಬೇಡವೇ ಎಂದು ಸಹಪಾಠಿಯೊಬ್ಬರು ಕೇಳಿದಾಗ, ಗುರುವೆಂದು ಎಣಿಸಿದರೆ ಸಾಲು 15 ಮಾತ್ರೆಗೆ ಏರುವುದನ್ನು ಹಲಗೆಯ ಮೇಲೆ ತೋರಿಸಿ, ಒತ್ತಕ್ಷರ ಬೇರೆ ಪದದ ಮೊದಲಲ್ಲಿರುವುದರಿಂದ ಅದನ್ನು ಹಿಂದಿನ ಅಕ್ಷರಕ್ಕೆ ಒತ್ತು ಬೀಳದಂತೆ ತೇಲಿಸಿ ಓದಬೇಕೆಂದು ಗುರುಗಳು ಎರಡೂ ರೀತಿಯಲ್ಲಿ ಓದಿ ವಿವರಿಸಿದರು. ಇಂಥ ತಾಳ್ಮೆಯ ಪಾಠ ಕಾಲೇಜಿನಲ್ಲಿಯೂ ನನಗೆ ದೊರೆತಿರಲಿಲ್ಲ.

ಮೂರು ಸಾಲಿನ ತ್ರಿಪದಿಗೆ ಮಾತ್ರ ಈ ಕಾಳಜಿ ಸಿಗಲಿಲ್ಲ. ಒಟ್ಟು 11 ಗಣ, ಅವುಗಳಲ್ಲಿ 6 ಮತ್ತು 10ನೆಯವು ಬ್ರಹ್ಮಗಣ (ಎರಡು ಅಂಶದವು), ಉಳಿದವು ವಿಷ್ಣುಗಣ (ಮೂರು ಅಂಶದವು) ಎಂದು ಬರೆಸಿ ಪಾಠವನ್ನು ಮುಗಿಸಿಬಿಟ್ಟರು. ತ್ರಿಪದಿಗೆ ಹೆಸರಾದ ಸರ್ವಜ್ಞನ ಹಾವೇರಿ ಜಿಲ್ಲೆ ಇಷ್ಟು ಹತ್ತಿರದಲ್ಲಿರುವಾಗ ಈ ಅವಸರ ನನಗೆ ನೋವುಂಟುಮಾಡಿತು. ಭಾಮಿನಿಯ ಮಾತ್ರಾಗಣವನ್ನು ಕಾಗದದ ಮೇಲೆ ಎಣಿಸಬಹುದು. ತ್ರಿಪದಿಯ ಅಂಶಗಣದಲ್ಲಿ ಅಕ್ಷರ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದು ಹಾಡಿದಾಗಲೇ ತಿಳಿಯುತ್ತದೆ. ತ್ರಿಪದಿಯಲ್ಲಿರುವ ಬೀಸುವ ಪದಗಳನ್ನು ಬಲ್ಲ ಹಿರಿಯ ಹೆಣ್ಣುಮಕ್ಕಳು ನಮ್ಮ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ; ಅವರಲ್ಲಿ ಒಬ್ಬರನ್ನಾದರೂ ಗೌರವದಿಂದ ಕರೆಸಿ, ಹಾಡಿಸಿ, ಆ ಹಾಡಿನ ಮೇಲೆಯೇ ಗಣ ವಿಂಗಡಿಸಬೇಕಿತ್ತು.

ಕೈಗೆ ಕೊಡುವ ಟಿಪ್ಪಣಿಗಳು ಅಚ್ಚುಕಟ್ಟಾಗಿವೆ, ಶುಲ್ಕವೂ ಹೊರೆಯೆನಿಸುವುದಿಲ್ಲ. ಆದರೆ ಮೊದಲ ತಾಸಿನಲ್ಲಿಯೇ ಪ್ರಸ್ತಾರ ಆರಂಭವಾಗುವುದರಿಂದ, ಲಘು–ಗುರುಗಳನ್ನು ಗುರುತಿಸುವುದನ್ನು ಕಲಿತುಕೊಂಡೇ ಸೇರುವುದು ಒಳ್ಳೆಯದು.