ಫಾರ್ಚುನರ್, ಎಂಡೇವರ್, ಸ್ಕಾರ್ಪಿಯೊ–ಎನ್: ಹಿಂದಿನ ಸೀಟಿನಿಂದ ನೋಡಿದರೆ

ಕಾರುಗಳ ವಿಮರ್ಶೆ ಬರೆಯುವವರು ಹೆಚ್ಚಾಗಿ ಸ್ಟೀರಿಂಗ್ ಹಿಡಿದು ಕುಳಿತವರು. ಏಳು ಸೀಟಿನ ಗಾಡಿಯಲ್ಲಿ ಉಳಿದ ಆರು ಬೆನ್ನುಗಳ ಗತಿ ಏನಾಯಿತು ಎಂಬುದಕ್ಕೆ ಅವರ ಬರಹದಲ್ಲಿ ಎರಡು ಸಾಲು ಸಿಕ್ಕರೆ ಪುಣ್ಯ. ನಮ್ಮ ಮನೆಯಲ್ಲಿ ಆ ಲೆಕ್ಕ ತಿರುಗುಮುರುಗು. ಮೂಡಿಗೆರೆಯ ಕಡೆ ಕಾಫಿ ತೋಟ, ಅತ್ತೆಗೆ ಮಂಡಿನೋವು, ಮಕ್ಕಳಿಗೆ ಘಾಟಿಯೆಂದರೆ ವಾಂತಿ. ನಮ್ಮದು ಹಳೆಯ ಟೊಯೋಟಾ ಫಾರ್ಚುನರ್, ಮೈದುನನದು ಫೋರ್ಡ್ ಎಂಡೇವರ್, ಮಂಗಳೂರಿನ ನಾದಿನಿಯ ಮನೆಯದು ಮಹೀಂದ್ರಾ ಸ್ಕಾರ್ಪಿಯೊ–ಎನ್. ಎಲ್ಲರೂ ಸೇರಿ ಧರ್ಮಸ್ಥಳಕ್ಕೆ ಹೊರಟಾಗ ಗಂಡಸರು ಫಾರ್ಚುನರ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅತ್ತೆ ಸದ್ದಿಲ್ಲದೆ ಎಂಡೇವರ್ ಹತ್ತಿ ಕುಳಿತಿರುತ್ತಾರೆ. ಈ ಮೂರೂ ಗಾಡಿಗಳನ್ನು ನಾನು ಚಾರ್ಮಾಡಿಯಲ್ಲಿ ಓಡಿಸಿದ್ದೇನೆ, ಮೂರರ ಮೂರನೇ ಸಾಲಿನಲ್ಲಿಯೂ ಕುಳಿತಿದ್ದೇನೆ. ಎರಡನೆಯ ಅನುಭವವೇ ಹೆಚ್ಚು ಕಲಿಸಿತು.

ಮೊದಲು ಫಾರ್ಚುನರ್. ಬಿಡದಿಯಲ್ಲಿ ತಯಾರಾಗುವ ಈ ಗಾಡಿಯ ಈಗಿನ ಪೀಳಿಗೆ ಭಾರತಕ್ಕೆ ಬಂದದ್ದು 2016ರ ನವೆಂಬರಿನಲ್ಲಿ. 2021ರ ಪರಿಷ್ಕರಣೆಯಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್ 204 ಪಿಎಸ್‌ಗೆ (ಅಶ್ವಶಕ್ತಿಯ ಒಂದು ಅಳತೆ) ಏರಿತು. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್, ಎಂದರೆ ತಿರುಗಿಸುವ ಬಲ, 500 ನ್ಯೂಟನ್ ಮೀಟರ್. ಎಂಜಿನ್ ಮತ್ತು ಬಾಳಿಕೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಇದರ ತಳಪಾಯ ಹೈಲಕ್ಸ್ ಪಿಕಪ್‌ನ ಬಳಗದ್ದು, ಹೊರೆ ಹೊರಲು ಹುಟ್ಟಿದ ಚಾಸಿಸ್, ಎಂದರೆ ಉಕ್ಕಿನ ಚೌಕಟ್ಟು. ಅದಕ್ಕೆ ತಕ್ಕಂತೆ ಹಿಂದಿನ ಸ್ಪ್ರಿಂಗ್‌ಗಳೂ ಬಿಗಿ. ಒಬ್ಬರೇ ಓಡಿಸುವಾಗ ಸಣ್ಣ ಹಂಪ್‌ಗೂ ಹಿಂಭಾಗ ಕುಪ್ಪಳಿಸುತ್ತದೆ. ಏಳು ಜನ, ಮೇಲೆ ಸಾಮಾನು ತುಂಬಿದರೆ ಅದೇ ಗಾಡಿ ಹದಕ್ಕೆ ಬರುತ್ತದೆ. ಸಾಮಾನಿಗೆ ಜಾಗ ಬೇಕಾದರೆ ಮೂರನೇ ಸಾಲಿನ ಸೀಟುಗಳನ್ನು ಮಡಚಿ ಎರಡು ಪಕ್ಕಗಳ ಕಿಟಕಿಗೆ ನೇತುಹಾಕಬೇಕು. ಈ ಬೆಲೆಯ ಗಾಡಿಯಲ್ಲಿ ಇದೇಕೆ ಹೀಗೆ ಎಂದು ಕೇಳುವ ಹಕ್ಕು ಕೊಂಡವರಿಗಿದೆ.

ಎಂಡೇವರ್ ಕೂಡ ಚಾಸಿಸ್ ಮೇಲೆ ಕುಳಿತ ಗಾಡಿಯೇ, ಅದರ ಹಿಂದಿನ ಚಕ್ರಗಳೂ ಒಂದೇ ಗಟ್ಟಿ ಅಚ್ಚಿಗೆ, ಎಂದರೆ ಆ್ಯಕ್ಸಲ್‌ಗೆ, ಸೇರಿಕೊಂಡಿವೆ. ಹಾಗಿದ್ದೂ ಅತ್ತೆ ಅದನ್ನೇ ಆರಿಸಿಕೊಳ್ಳುವುದೇಕೆ? ಒಂದು ಕಾರಣ ಉದ್ದ. ಫಾರ್ಚುನರ್ 4,795 ಮಿಲಿಮೀಟರ್ ಇದ್ದರೆ ಇದು 4,903. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಅದರಲ್ಲಿ 2,745, ಇದರಲ್ಲಿ 2,850. ಅಂತರ ಹೆಚ್ಚಿದಷ್ಟೂ ಗಾಡಿ ಮೂಗು ಮೇಲೆ–ಕೆಳಗೆ ಮಾಡಿ ತೂಗುವುದು ಕಡಿಮೆ. ಇನ್ನೊಂದು ಕಾರಣ ಆ್ಯಕ್ಸಲನ್ನು ನಡುವೆ ಹಿಡಿದಿಡುವ ಬಗೆ. ಫಾರ್ಚುನರ್‌ನಲ್ಲಿ ಆ ಕೆಲಸವನ್ನು ಅಡ್ಡವಾದ ಒಂದು ಸರಳು ಮಾಡುತ್ತದೆ. ಅದರ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ತುದಿ ಆ್ಯಕ್ಸಲ್‌ಗೆ. ಹಾಗಾಗಿ ಚಕ್ರ ಮೇಲೇರಿ ಇಳಿಯುವಾಗ ಆ್ಯಕ್ಸಲ್ ಕಮಾನಿನಂತೆ ಚಲಿಸಿ, ಕೂದಲೆಳೆಯಷ್ಟು ಪಕ್ಕಕ್ಕೂ ಸರಿಯುತ್ತದೆ. ಎಂಡೇವರ್‌ನಲ್ಲಿರುವುದು ವಾಟ್ಸ್ ಲಿಂಕೇಜ್: ಆವಿ ಯಂತ್ರದ ಅದೇ ಜೇಮ್ಸ್ ವಾಟ್ 1784ರಲ್ಲಿ ಪೇಟೆಂಟ್ ಪಡೆದ ಕೈಚಳಕದ ವಂಶಸ್ಥ. ಎರಡು ಸರಳುಗಳು, ನಡುವೆ ತಿರುಗುವ ಒಂದು ತುಂಡು. ಒಂದು ಸರಳು ಎಳೆದಷ್ಟನ್ನು ಇನ್ನೊಂದು ಸರಿದೂಗಿಸುವುದರಿಂದ ಆ್ಯಕ್ಸಲ್ ಹೆಚ್ಚುಕಡಿಮೆ ನೇರವಾಗಿ ಮೇಲೆ ಕೆಳಗೆ ಹೋಗುತ್ತದೆ. ಘಾಟಿಯ ತಿರುವಿನ ನಡುವೆಯೇ ಗುಂಡಿ ಸಿಕ್ಕಾಗ ಹಿಂದೆ ಕುಳಿತವರ ಸೊಂಟಕ್ಕೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಎರಡರಲ್ಲಿಯೂ ಒಂದು ಚಕ್ರ ಗುಂಡಿಗೆ ಇಳಿದರೆ ಜೊತೆಯ ಚಕ್ರ ವಾಲುತ್ತದೆ ಎಂಬುದಂತೂ ನಿಜ. ಗಟ್ಟಿ ಆ್ಯಕ್ಸಲ್‌ನಲ್ಲಿ ಅದಕ್ಕೆ ಮದ್ದಿಲ್ಲ.

ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ಎಂಡೇವರ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಒಂದೇ ದಾರಿ. ನನ್ನ ಕೈಗೆ ಕೊಟ್ಟರೆ ಐದು ಸಿಲಿಂಡರಿನ 3.2 ಲೀಟರ್ ಎಂಜಿನ್ನಿನದನ್ನು ಆರಿಸುತ್ತೇನೆ. ನಂತರ ಬಂದ 2 ಲೀಟರಿನದು ಹತ್ತು ಗೇರುಗಳ ನಾಜೂಕಿನ ಗಾಡಿ, ತೋಟದ ಏರಿಗೆ ಹಳೆಯದರ ಗುಡುಗೇ ಚೆಂದ.

ಸ್ಕಾರ್ಪಿಯೊ–ಎನ್ ಬಂದದ್ದು 2022ರ ಜೂನಿನಲ್ಲಿ. ಹಳೆಯ ಸ್ಕಾರ್ಪಿಯೊದ ಓಲಾಟ ನೆನಪಿರುವವರು ಇದನ್ನು ಹತ್ತಿದರೆ ಬೆರಗಾಗುತ್ತಾರೆ. ಹಿಂಬದಿಯ ಆ್ಯಕ್ಸಲ್ ಹಿಡಿಯಲು ಐದು ಕೊಂಡಿಗಳ ಜೋಡಣೆ, ಇಲ್ಲಿಯೂ ವಾಟ್ಸ್ ಲಿಂಕೇಜ್. ಅದಕ್ಕಿಂತ ಮುಖ್ಯವಾದದ್ದು ಕಂಪನದ ವೇಗ ನೋಡಿ ಬಿಗಿ ಬದಲಿಸಿಕೊಳ್ಳುವ ಶಾಕ್ ಅಬ್ಸಾರ್ಬರ್ (ಸ್ಪ್ರಿಂಗ್‌ನ ಕುಣಿತ ತಡೆಯುವ, ಎಣ್ಣೆ ತುಂಬಿದ ಕೊಳವೆ). ಸಣ್ಣ, ಚುರುಕು ಅದುರಾಟಕ್ಕೆ ಎಣ್ಣೆ ಹರಿಯಲು ಹೆಚ್ಚುವರಿ ದಾರಿ ತೆರೆದು ಮೆತ್ತಗಾಗುತ್ತದೆ, ತಿರುವಿನಲ್ಲಿ ಗಾಡಿ ನಿಧಾನವಾಗಿ ವಾಲತೊಡಗಿದರೆ ಆ ದಾರಿ ಮುಚ್ಚಿ ಗಟ್ಟಿಯಾಗುತ್ತದೆ. ತಂತಿಯಿಲ್ಲ, ಸೆನ್ಸಾರ್ ಇಲ್ಲ, ಬರೀ ಕವಾಟದ ಜಾಣತನ. ಎರಡನೇ ಸಾಲಿನಲ್ಲಿ ಕುಳಿತವರಿಗೆ ಫಾರ್ಚುನರ್‌ಗಿಂತ ಇದೇ ಸುಖ ಎಂದು ನಾನು ಹೇಳಿದರೆ ನಮ್ಮ ಮನೆಯವರು ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದುಕೊಳ್ಳುತ್ತಾರೆ. ಆದರೆ 4,662 ಮಿಲಿಮೀಟರ್ ಉದ್ದದೊಳಗೆ ಮೂರನೇ ಸಾಲನ್ನು ತುರುಕಿದ್ದಾರೆ. ಮೊಣಕಾಲು ಗದ್ದಕ್ಕೆ ತಾಗುತ್ತದೆ, ಅದರ ಹಿಂದೆ ಎರಡು ಬ್ಯಾಗಿಗೆ ಮೀರಿ ಜಾಗವಿಲ್ಲ.

ಮಹೀಂದ್ರಾದ ಎಕ್ಸ್‌ಯುವಿ 700 ಮತ್ತು ಟಾಟಾದ ಸಫಾರಿಗಳದು ಬೇರೆಯೇ ಜಾತಿ. ಚಾಸಿಸ್ ಇಲ್ಲದ ದೇಹ, ಡಾಂಬರಿನ ಮೇಲೆ ಈ ಮೂರಕ್ಕಿಂತ ನಯ. ಸಫಾರಿಯಲ್ಲಿ ಮುಂದಿನ ಚಕ್ರಗಳಷ್ಟೇ ಎಳೆಯುವುದರಿಂದ ನಮ್ಮ ತೋಟದ ಮಳೆಗಾಲದ ಏರಿಗೆ ಅದು ಆಗದು. ಪಟ್ಟಣದ ಸಂಸಾರಕ್ಕೆ ಧಾರಾಳವಾಗಿ ಸಾಕು.

ಈಗ ಸಸ್ಪೆನ್ಷನ್, ಎಂದರೆ ಸ್ಪ್ರಿಂಗ್–ಶಾಕ್ ಅಬ್ಸಾರ್ಬರ್‌ಗಳ ಜೋಡಣೆ, ಬದಲಿಸುವ ವಿಷಯ. ನಮ್ಮ ಫಾರ್ಚುನರ್‌ನ ಶಾಕ್ ಅಬ್ಸಾರ್ಬರ್‌ಗಳು ವಯಸ್ಸಾಗಿ ಸೋತಿದ್ದವು. ಬೆಂಗಳೂರಿನ ಒಂದು ಅಂಗಡಿಗೆ ಹೋದೆವು, ಹೆಸರು ಬೇಡ. ಅಲ್ಲಿಯ ಹುಡುಗ ಗಾಡಿಯ ಕೆಳಗೆ ಬಗ್ಗಿ ನೋಡುವ ಮೊದಲೇ, "ಎರಡು ಇಂಚು ಎತ್ತರಿಸೋಣ ಮೇಡಂ, ಲುಕ್ ಬರುತ್ತದೆ" ಎಂದ. ಹಿಂದೆ ಯಾರು ಕುಳಿತುಕೊಳ್ಳುತ್ತಾರೆ, ಎಷ್ಟು ಭಾರ ಹಾಕುತ್ತೀರಿ ಎಂದು ಅವನೂ ಕೇಳಲಿಲ್ಲ, ಅವನ ಯಜಮಾನನೂ ಕೇಳಲಿಲ್ಲ. ಗಾಡಿ ತಿರುಗಿಸಿಕೊಂಡು ಬಂದೆ.

ಎತ್ತರಿಸುವುದರಿಂದ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಅಗ್ಗದ ದಾರಿಯೆಂದರೆ ಮುಂದಿನ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ತಲೆಯ ಮೇಲೆ ಲೋಹದ ಬಿಲ್ಲೆ ಇಡುವುದು. ಸ್ಟ್ರಟ್, ಚಕ್ರವನ್ನು ಚಾಸಿಸ್‌ಗೆ ಜೋಡಿಸುವ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ ಕುಳಿತಿರುವುದರಿಂದ ಒಂದು ಇಂಚಿನ ಬಿಲ್ಲೆ ಚಕ್ರದ ಬಳಿ ಎರಡು ಇಂಚಿನ ಹತ್ತಿರ ಎತ್ತರ ಕೊಡುತ್ತದೆ. ಗಾಡಿ ಎದೆಯುಬ್ಬಿಸಿ ನಿಲ್ಲುತ್ತದೆ, ಸರಿ. ಆದರೆ ಆರ್ಮ್‌ಗಳು ಕೆಳಮುಖವಾಗುತ್ತವೆ, ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಕೀಲುಗಳು ಹೆಚ್ಚು ಮಡಿಚಿಕೊಂಡು ಬೇಗ ಸವೆಯುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷದ ಓರೆ (ಕ್ಯಾಸ್ಟರ್ ಕೋನ) ತಗ್ಗಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗುವ ಗುಣ ಸೊರಗುತ್ತದೆ. ಅದನ್ನು ಸರಿಪಡಿಸಲು ಮೇಲಿನ ಆರ್ಮ್ ಬದಲಿಸಬೇಕು, ಮತ್ತೆ ಖರ್ಚು. ಚಕ್ರ ಗುಂಡಿಗೆ ಇಳಿಯಲು ಉಳಿಯುವ ಅವಕಾಶವೂ ಕಡಿಮೆಯಾಗಿ, ಇಳಿದಾಗಲೆಲ್ಲ ಟಕ್ ಎಂಬ ಸದ್ದು. ಹಿಂದಿನ ಅಡ್ಡ ಸರಳಿನಿಂದಾಗಿ ಆ್ಯಕ್ಸಲ್ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇಷ್ಟೆಲ್ಲ ಆದ ಮೇಲೆ ಮಂಡಿನೋವಿನವರು ಎರಡು ಇಂಚು ಹೆಚ್ಚು ಎತ್ತರಕ್ಕೆ ಕಾಲಿಡಬೇಕು. ಕಾನೂನೂ ಅಡ್ಡ ನಿಂತಿದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅಪಘಾತವಾದರೆ ವಿಮೆಯವರು ಮೊದಲು ಬಗ್ಗಿ ನೋಡುವುದೇ ಇಂಥವನ್ನು.

ನಾವು ಮಾಡಿಸಿದ್ದು ಇಷ್ಟು: ಎತ್ತರ ಹಾಗೆಯೇ, ಸ್ಪ್ರಿಂಗ್ ಮೂಲದ್ದೇ, ಶಾಕ್ ಅಬ್ಸಾರ್ಬರ್ ಮಾತ್ರ ನೈಟ್ರೋಜನ್ ತುಂಬಿದ ಉತ್ತಮ ದರ್ಜೆಯದು. ಸ್ಪ್ರಿಂಗ್ ತೊಟ್ಟಿಲಾದರೆ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದು ನಿಲ್ಲಿಸುವ ಕೈ. ಕೈ ಸೋತಾಗ ತೊಟ್ಟಿಲು ಬದಲಿಸುವುದರಲ್ಲಿ ಅರ್ಥವಿಲ್ಲ. ಕೆಟ್ಟ ರಸ್ತೆಯಲ್ಲಿ ಬಿಡುವಿಲ್ಲದೆ ದುಡಿದರೆ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ, ಹಿಡಿತ ಹೋಗುತ್ತದೆ. ಅನಿಲದ ಒತ್ತಡ ಆ ನೊರೆಯನ್ನು ತಡೆಯುತ್ತದೆ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಜರ್ಮನಿಯ ಬಿಲ್‌ಸ್ಟೈನ್ ಈ ದಂಧೆಯ ದೊಡ್ಡ ಹೆಸರುಗಳು. ಸ್ಪ್ರಿಂಗ್ ಸಮೇತ ಪೂರ್ತಿ ಕಿಟ್ ಕೊಂಡರೆ ಖರ್ಚು ಲಕ್ಷ ದಾಟುತ್ತದೆ. ಕಿಟ್‌ನಲ್ಲಿ ಭಾರಕ್ಕೆ ತಕ್ಕಂತೆ ಬೇರೆ ಬೇರೆ ಬಿಗಿಯ ಸ್ಪ್ರಿಂಗ್‌ಗಳು ಸಿಗುತ್ತವೆ. ದಿನವೂ ಮೂಟೆ ಹೇರುವವರ ಸ್ಪ್ರಿಂಗನ್ನು ಖಾಲಿ ಓಡುವ ಸಂಸಾರದ ಗಾಡಿಗೆ ಹಾಕಿಸಿದರೆ ಮೂಲದ್ದೇ ವಾಸಿ ಅನ್ನಿಸುತ್ತದೆ.

ಫಲ ಹೇಗಿದೆ? ಕೊಟ್ಟಿಗೆಹಾರದಿಂದ ಘಾಟಿ ಇಳಿಯುವಾಗ ಹಿಂಭಾಗ ಒಮ್ಮೆ ಏರಿ, ಒಮ್ಮೆ ಇಳಿದು ಸುಮ್ಮನಾಗುತ್ತದೆ. ಮೂರು ಸಲ ತೂಗುವುದಿಲ್ಲ. ಮಗಳು ಈಗ ಹಿಂದೆ ಕುಳಿತು ಮೊಬೈಲ್ ನೋಡುತ್ತಾಳೆ, ಅದು ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ಊರೊಳಗೆ ನಿಧಾನವಾಗಿ ಹೋಗುವಾಗ ಸಣ್ಣ ಕುಲುಕಾಟ ಉಳಿದೇ ಇದೆ. ಅದು ಸ್ಪ್ರಿಂಗ್ ಮತ್ತು ಭಾರದ ಆ್ಯಕ್ಸಲ್‌ನ ಪಾಲು.

ಆ ಕುಲುಕಾಟಕ್ಕೆ ಅಗ್ಗದ ಉಪಾಯ ಟಯರಿನಲ್ಲಿದೆ. ಈ ಪೀಳಿಗೆ ಬಂದಾಗ ನಾಲ್ಕು ಚಕ್ರ ಎಳೆತದ ಫಾರ್ಚುನರ್‌ಗೆ 18 ಇಂಚಿನ 265/60 ಟಯರ್ (ಅಗಲ 265 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇ 60) ಕೊಟ್ಟ ಕಂಪನಿಯೇ ಎರಡು ಚಕ್ರ ಎಳೆತದ್ದಕ್ಕೆ 17 ಇಂಚಿನ 265/65 ಕೊಟ್ಟಿತ್ತು. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಒಂದೇ, ಮೀಟರ್ ತಪ್ಪು ಹೇಳುವುದಿಲ್ಲ. ಆದರೆ ಟಯರಿನ ಪಕ್ಕದ ಗೋಡೆ 159ರಿಂದ 172 ಮಿಲಿಮೀಟರಿಗೆ ಏರುತ್ತದೆ. ಅಷ್ಟು ಹೆಚ್ಚು ಗಾಳಿಯ ಮೆತ್ತೆ. ರಿಮ್ ಚಿಕ್ಕದಾದರೆ ಗತ್ತು ಹೋಗುತ್ತದೆ ಎಂದು ನಮ್ಮ ಮನೆಯವರು ಇನ್ನೂ ಒಪ್ಪಿಲ್ಲ.

ಹೊಸದೇ ಕೊಳ್ಳುವವರು, ಮನೆಯಲ್ಲಿ ಐದು ಜನ ಇದ್ದರೆ, ಸ್ಕಾರ್ಪಿಯೊ–ಎನ್ ತೆಗೆದುಕೊಂಡು ಉಳಿದ ಹಣದಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿ. ಏಳು ಜನ ಸದಾ ಹೊರಡುವವರಾದರೆ ಚೆನ್ನಾಗಿ ನೋಡಿಕೊಂಡ ಎಂಡೇವರ್ ಹುಡುಕಿ, ವಾಟ್ಸ್ ಲಿಂಕೇಜ್‌ನ ಬುಷ್‌ಗಳನ್ನು (ಕೀಲಿನ ರಬ್ಬರ್ ಬಳೆಗಳನ್ನು) ಅಲ್ಲಾಡಿಸಿ ನೋಡದೆ ಮುಂಗಡ ಕೊಡಬೇಡಿ. ಫಾರ್ಚುನರ್ ಇರುವವರು ಶಾಕ್ ಅಬ್ಸಾರ್ಬರ್ ಬದಲಿಸುವ ದಿನ ಗ್ಯಾರೇಜಿನಲ್ಲಿಯೇ ನಿಲ್ಲಿ. ಆರ್ಮ್‌ಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ಲಿಫ್ಟ್ ಮೇಲಿರುವಾಗ ಪೂರ್ತಿ ಬಿಗಿಯಲು ಬಿಡಬೇಡಿ; ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲೆ ಬಿಗಿಸಿ, ಇಲ್ಲವಾದರೆ ರಬ್ಬರ್ ತಿರುಚಿಕೊಂಡೇ ಕುಳಿತು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಅಳತೆಯ ಚೀಟಿ ಇಟ್ಟುಕೊಳ್ಳಿ.