ಮೆಣಸಿನಕಾಯಿ ಬೆಲ್ಟ್ ಮೇಲೆ ಎನ್‌ಐಆರ್ ಸೆನ್ಸರ್: ಮೂರು ಸೀಸನ್ ಬಳಸಿದ ಮೇಲೆ

ಬ್ಯಾಡಗಿಯ ನಮ್ಮ ಖಾರಪುಡಿ ಘಟಕದಲ್ಲಿ ಎನ್‌ಐಆರ್ (ನಿಯರ್ ಇನ್‌ಫ್ರಾರೆಡ್, ಅಂದರೆ ಸಮೀಪದ ಅವಕೆಂಪು ಬೆಳಕಿನ) ತೇವಾಂಶ ಸೆನ್ಸರ್ ಕೂಡಿಸಿ ಮೂರು ಸೀಸನ್ ಆಯ್ತು. ಕಂಪನಿ ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗಿನ ಮಾತು ಬಹುತೇಕ ಯಾವ ಕಂಪನಿಯ ಸೆನ್ಸರ್‌ಗೂ ಹೊಂದುತ್ತದೆ. ತೇವಾಂಶ ನೋಡಲಿಕ್ಕೆ ಬೇಕಾದರೆ ಧೈರ್ಯವಾಗಿ ಕೊಳ್ಳಿ. ಬಣ್ಣ, ಖಾರ, ಕಲಬೆರಕೆ ಎಲ್ಲವನ್ನೂ ಇದೊಂದೇ ಹೇಳುತ್ತದೆ ಎಂದು ಡೀಲರ್ ಹೇಳಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಮೆಣಸಿನಕಾಯಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ತೇವಾಂಶ ಮಿತಿ ಶೇ 11. ಅದನ್ನು ದಾಟಿದ ಮಾಲು ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ತೀರಾ ಒಣಗಿದರೆ ತೂಕ ಹೋಯಿತು, ಕಾಯಿ ಒಡೆದು ಬೀಜ ಉದುರಿತು. ಮೊದಲೆಲ್ಲ ಹಳೇ ಹಮಾಲರು ಕಾಯಿ ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿ ಹೇಳುತ್ತಿದ್ದರು. ಅವರ ಅಂದಾಜು ಅಷ್ಟೇನೂ ಕೆಟ್ಟದಾಗಿರಲಿಲ್ಲ, ಆದರೆ ಖರೀದಿದಾರರಿಗೆ ಕಾಗದದ ಮೇಲೆ ಅಂಕಿ ಬೇಕು. ಲ್ಯಾಬಿನಲ್ಲಿ ಟಾಲ್ವೀನ್ ಎಂಬ ದ್ರಾವಕ ಹಾಕಿ ಕುದಿಸಿ ನೀರು ಬೇರ್ಪಡಿಸಿ ಅಳೆಯುವಷ್ಟರಲ್ಲಿ ಆ ಲಾಟು ಗಿರಣಿಗೆ ಬಿದ್ದಿರುತ್ತಿತ್ತು.

ಸೆನ್ಸರ್ ಕಾಯಿಯನ್ನು ಮುಟ್ಟುವುದಿಲ್ಲ, ಪುಡಿ ಮಾಡಿ ಕೊಡು ಎನ್ನುವುದೂ ಇಲ್ಲ. ಹ್ಯಾಲೊಜೆನ್ ಬೆಳಕು ಬೆಲ್ಟ್ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಪಟ್ಟಿಯಲ್ಲಿ, ಸುಮಾರು 1450 ಮತ್ತು 1940 ನ್ಯಾನೊಮೀಟರ್ ಹತ್ತಿರ, ನೀರು ಬೆಳಕನ್ನು ಹೀರುತ್ತದೆ. ಹಿಂದಕ್ಕೆ ಬಂದ ಬೆಳಕು ಅಲ್ಲಿ ಎಷ್ಟು ಕಡಿಮೆಯಾಗಿದೆ ಎನ್ನುವುದರ ಮೇಲೆ ಲೆಕ್ಕ. ಸೆಕೆಂಡಿಗೆ ಹತ್ತಾರು ಸಲ ನೋಡಿ ಸರಾಸರಿ ಕೊಡುತ್ತದೆ, ಮಿತಿ ಮೀರಿದರೆ ಗೇಟ್ ತೆರೆದು ಮಾಲನ್ನು ಒಣಗಿಸುವ ಕಡೆ ತಿರುಗಿಸುತ್ತದೆ. ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ 1960ರ ದಶಕದಲ್ಲೇ ಕಾಳಿನ ತೇವಾಂಶವನ್ನು ಹೀಗೆ ಅಳೆದಿದ್ದರು. ನಮ್ಮ ಹಮಾಲರೊಬ್ಬರು ಮಾತ್ರ ಇನ್ನೂ ಒಪ್ಪಿಲ್ಲ: “ಸಾವಕಾರ್ರ, ಮುಟ್ಟದನ ಹೇಳಾಕ ಅದೇನ್ ಜೋತಿಷಿ ಏನ್ರಿ?”

ಮಾರುವಾಗ ಯಾರೂ ಬಾಯಿಬಿಡದ ಸಂಗತಿ ಕ್ಯಾಲಿಬ್ರೇಷನ್, ಅಂದರೆ ಸೆನ್ಸರ್ ಅಂಕಿಯನ್ನು ಲ್ಯಾಬಿನ ಅಂಕಿಗೆ ಹೊಂದಿಸುವುದು. ಸೆನ್ಸರ್ ಜೊತೆ ‘ಚಿಲ್ಲಿ’ ಎಂಬ ಹೆಸರಿನ ಸಿದ್ಧ ಕ್ಯಾಲಿಬ್ರೇಷನ್ ಬಂತು. ಅದು ಯಾವ ಊರಿನ ಕಾಯಿಯೋ ಏನೋ, ಬ್ಯಾಡಗಿ ಕಾಯಿಯ ಎರಡು ಬಗೆಗಳಾದ ನಮ್ಮ ಡಬ್ಬಿಗೆ ಒಂದು ಸುಳ್ಳು, ಕಡ್ಡಿಗೆ ಇನ್ನೊಂದು ಸುಳ್ಳು ಹೇಳಿತು. ಬ್ಯಾಡಗಿ ಕಾಯಿಯ ಸಿಪ್ಪೆ ಸುಕ್ಕುಸುಕ್ಕು, ಬೆಳಕು ನುಣುಪು ಕಾಯಿಯ ಮೇಲೆ ಚದುರುವುದೇ ಒಂದು ರೀತಿ, ಇದರ ಮೇಲೆ ಇನ್ನೊಂದು ರೀತಿ. ಶೇ 7ರಿಂದ 15ರವರೆಗಿನ ಮಾಲನ್ನು ಹುಡುಕಿ ತಂದು, ಪ್ರತಿಯೊಂದನ್ನೂ ಲ್ಯಾಬಿನಲ್ಲಿ ಅಳೆದು ಅದಕ್ಕೆ ‘ಕಲಿಸಿ’ದೆವು. ಮೊದಲ ಸೀಸನ್ ಪೂರ್ತಿ ಅದಕ್ಕೇ ಹೋಯಿತು. ಆಮೇಲೆ ಲ್ಯಾಬಿಗೂ ಇದಕ್ಕೂ ಅರ್ಧ ಅಂಕಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದು ಕಡಿಮೆ. ಹೊಸ ಫಸಲು ಬಂದಾಗ ಮತ್ತೆ ಕೆಲವು ಮಾದರಿ ಸೇರಿಸಲೇಬೇಕು. ಲ್ಯಾಬ್ ಮುಚ್ಚಬಹುದು ಎಂದುಕೊಂಡು ಕೊಳ್ಳುವವರಿಗೆ ಇದು ಆಗಿಬರುವುದಿಲ್ಲ.

ಇನ್ನೊಂದು, ಕೋಲ್ಡ್ ಸ್ಟೋರೇಜ್ ಮಾಲು. ನಮ್ಮಲ್ಲಿ ಸೀಸನ್ ಮುಗಿದ ಮೇಲೆ ಅರೆಯುವುದು ಹೆಚ್ಚಾಗಿ ಅಲ್ಲಿಂದ ತೆಗೆದದ್ದನ್ನೇ. ತಣ್ಣಗಿನ ಕಾಯಿ ಹೊರಗೆ ಬಂದ ತಕ್ಷಣ ಮೈಮೇಲೆ ಇಬ್ಬನಿಯಂತೆ ನೀರು ಕೂರುತ್ತದೆ. ಈ ಬೆಳಕು ಒಳಗೆ ಹೋಗುವುದು ಕೆಲವೇ ಮಿಲಿಮೀಟರ್, ಹಾಗಾಗಿ ಹೊರಗಿನ ನೀರನ್ನೇ ದೊಡ್ಡದು ಮಾಡುತ್ತದೆ. ಲ್ಯಾಬಿನಲ್ಲಿ ಶೇ 10 ಇದ್ದದ್ದು ಪರದೆಯ ಮೇಲೆ 13. ಈಗ ಚೀಲಗಳನ್ನು ಒಂದು ರಾತ್ರಿ ಶೆಡ್ಡಿನಲ್ಲಿ ಬಿಟ್ಟು ಬೆಳಿಗ್ಗೆ ಬೆಲ್ಟ್‌ಗೆ ಹಾಕುತ್ತೇವೆ. ಇದೇ ಗುಣದಿಂದ ತೂಕಕ್ಕೆಂದು ನೀರು ಚಿಮುಕಿಸಿ ತಂದವರೂ ಸಿಕ್ಕಿಬೀಳುತ್ತಾರೆ, ಅದು ಬೇರೆ ಮಜಾ. ತಿರುಗುಮುರುಗೂ ಆಗುತ್ತದೆ: ಬಿಸಿಲಿಗೆ ಸಿಪ್ಪೆ ಒಣಗಿ ತೊಟ್ಟಿನ ಬುಡ ಹಸಿ ಉಳಿದ ಕಾಯಿಗೆ ಕಡಿಮೆ ತೋರಿಸುತ್ತದೆ. ಸೋಮವಾರ, ಗುರುವಾರ ಮಾರುಕಟ್ಟೆಯಿಂದ ಬಂದ ತಾಜಾ ಮಾಲಿಗೆ ಇದನ್ನೊಂದೇ ನಂಬುವುದಿಲ್ಲ, ತೊಟ್ಟು ಮುರಿದೂ ನೋಡುತ್ತೇವೆ.

ಬಣ್ಣದ ಮಾತು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕ ನಮ್ಮ ಕಾಯಿಗೆ ರೇಟು ಸಿಗುವುದೇ ಬಣ್ಣಕ್ಕೆ. ಬಣ್ಣದ ಗಾಢತೆ ಹೇಳುವ ಆಸ್ಟಾ ಅಂಕಿ ಬರುವುದು ಅಸಿಟೋನ್‌ನಲ್ಲಿ ಇಳಿಸಿದ ಬಣ್ಣವನ್ನು 460 ನ್ಯಾನೊಮೀಟರ್‌ನಲ್ಲಿ ಅಳೆದು. ಈ ಸೆನ್ಸರ್ ನೋಡಲು ಶುರುಮಾಡುವುದೇ ಅದಕ್ಕಿಂತ ಎಷ್ಟೋ ಆಚೆ. ಕಣ್ಣಿಗೆ ಕಾಣುವ ಬೆಳಕನ್ನೂ ಸೇರಿಸಿ ನೋಡುವ ಮಾದರಿಗಳಿವೆ, ಅವುಗಳ ಬೆಲೆಯೇ ಬೇರೆ. ಬೂಷ್ಟಿನಿಂದ ಬರುವ ವಿಷ ಅಫ್ಲಟಾಕ್ಸಿನ್ ಲೆಕ್ಕ ಶತಕೋಟಿಗೆ ಇಷ್ಟು ಭಾಗ ಎನ್ನುವ ಮಟ್ಟದ್ದು, ಕಲಬೆರಕೆಗೆ ಹಾಕುವ ಸೂಡಾನ್ ಬಣ್ಣವೂ ತೀರಾ ಸಣ್ಣ ಪ್ರಮಾಣದಲ್ಲೇ ಹಿಡಿಯಬೇಕಾದದ್ದು. ಎರಡಕ್ಕೂ ಲ್ಯಾಬಿಗೇ ಕಳಿಸಬೇಕು.

ನಿರ್ವಹಣೆ ಕಷ್ಟವಿಲ್ಲ, ಆದರೆ ಸೋಮಾರಿತನ ನಡೆಯದು. ಕೆಂಪು ಧೂಳು ಗಾಜಿನ ಮೇಲೆ ಕೂರದಂತೆ ಗಾಳಿ ಊದುವ ವ್ಯವಸ್ಥೆ ಇದೆ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಇದ್ದರೆ ಅದೇ ಗಾಜಿಗೆ ಪದರ ಕಟ್ಟುತ್ತದೆ, ಫಿಲ್ಟರ್ ಹಾಕಿಸಿ. ಕರೆಂಟು ಹೋಗಿ ಬಂದರೆ ಬಲ್ಬ್ ಬಿಸಿಯಾಗಿ ಅಂಕಿ ನಿಲ್ಲುವ ತನಕ ಕಾಯಬೇಕು. ಅಂಕಿ ಸರಿಯಿದೆಯೇ ಎಂದು ಬಿಳಿ ಬಿಲ್ಲೆ ಇಟ್ಟು ದಿನಾ ಪರೀಕ್ಷಿಸಬೇಕು.

ನನ್ನ ದೊಡ್ಡ ತಕರಾರು ಸಾಫ್ಟ್‌ವೇರ್ ಬಗ್ಗೆ. ಕ್ಯಾಲಿಬ್ರೇಷನ್ ತಿದ್ದುವ ಪಾಸ್‌ವರ್ಡ್ ಕಂಪನಿ ಕೈಲಿದೆ. ಮಾದರಿ ನಮ್ಮದು, ಲ್ಯಾಬ್ ಖರ್ಚು ನಮ್ಮದು, ಅಂಕಿ ಸೇರಿಸಲು ಮಾತ್ರ ಅವರ ಎಂಜಿನಿಯರ್ ದೂರದಿಂದ ಬರಬೇಕು, ಅದಕ್ಕೂ ಬಿಲ್. ಆರ್ಡರ್ ಕೊಡುವ ಮೊದಲೇ ಆ ಅಧಿಕಾರ ನಮಗಿರಲಿ ಎಂದು ಬರೆಸಿಕೊಳ್ಳಿ.

ತೇವಾಂಶಕ್ಕೆ ಐದರಲ್ಲಿ ನಾಲ್ಕು, ಸರ್ವಿಸ್‌ಗೆ ಎರಡು. ಮುಂದಿನ ಸೀಸನ್‌ಗೆ ಪುಡಿ ಬೀಳುವ ಬಾಯಿಯ ಹತ್ತಿರ ಇನ್ನೊಂದು ಹಾಕಿಸುವ ವಿಚಾರವಿದೆ. ಪುಡಿಯಲ್ಲಿ ಸುಕ್ಕಿಲ್ಲ, ತೊಟ್ಟಿಲ್ಲ, ಒಳಗೆ ಹೊರಗೆ ಎಲ್ಲ ಒಂದೇ. ಈ ಸಲ ಕೊಟೇಶನ್ ಕೇಳುವಾಗ ಪಾಸ್‌ವರ್ಡ್ ಮಾತೇ ಮೊದಲು.